ಚಾಂಡ್ಲರ್‌ಗೆ ಬರ್ತಿರೋರಿಗೆ: ಚಾರ್ಟರ್ ಸ್ಕೂಲ್ ಬಗ್ಗೆ ಅಪ್ಪ ಅಮ್ಮಂದಿರನ್ನಷ್ಟೇ ಕೇಳ್ಬೇಡಿ

ದಾವಣಗೆರೆಯಿಂದ ಜೂನ್‌ನಲ್ಲಿ ಅರಿಜೋನಾದ ಚಾಂಡ್ಲರ್‌ಗೆ ಬರ್ತಿದೀವಿ, ಮಗಳು ನಾಲ್ಕನೇ ಕ್ಲಾಸ್ ಮುಗಿಸಿದಾಳೆ, ಮಗ ಯುಕೆಜಿ, ಯಜಮಾನ್ರ ಆಫೀಸಲ್ಲಿ ಎಲ್ರೂ ಕಣ್ಮುಚ್ಕೊಂಡು ಚಾರ್ಟರ್ ಸ್ಕೂಲಿಗೆ ಹಾಕಿ ಅಂತಿದಾರೆ, ಅದು ಸರ್ಕಾರಿನಾ ಪ್ರೈವೇಟಾ, ಫೀಸ್ ಎಷ್ಟು, ಮನೆ ಎಲ್ಲಿ ಹಿಡೀಬೇಕು, ಮಕ್ಕಳಿಗೆ ಒಗ್ಗುತ್ತಾ, ಕುಕ್ಕರ್ ತರ್ಬೇಕಾ ಅಂತ ಕೇಳಿದೀರಿ. ಕುಕ್ಕರ್ ತನ್ನಿ, ಜೊತೆಗೆ ಗ್ಯಾಸ್ಕೆಟ್ ಎರಡು ಜಾಸ್ತಿ ತನ್ನಿ, ಅಲ್ಲಿಗೆ ಅದು ಮುಗೀತು. ಮನೆ ಆಫೀಸಿಗೆ ಹತ್ರ ಹಿಡೀರಿ, ಆರು ತಿಂಗಳಾದ್ಮೇಲೆ ನಿಮಗೇ ಗೊತ್ತಾಗುತ್ತೆ. ಮಿಕ್ಕಿದ್ದು ಸ್ವಲ್ಪ ಉದ್ದ ಇದೆ, ಕಾಫಿ ಮಾಡ್ಕೊಂಡು ಬಂದು ಓದಿ.

ನಮ್ಮ ಕಡೆ ಅನುದಾನಿತ ಶಾಲೆಗಳಿದಾವಲ್ಲ, ಆಡಳಿತ ಮಂಡಳಿ ಖಾಸಗಿ, ಸಂಬಳ ಸರ್ಕಾರದ್ದು, ಚಾರ್ಟರ್ ಅಂದ್ರೆ ಹೆಚ್ಚುಕಡಿಮೆ ಅದೇ. ಫೀಸಿಲ್ಲ. ಎಂಟ್ರೆನ್ಸ್ ಟೆಸ್ಟ್ ಇಟ್ಟು ಆರಿಸೋ ಹಾಗಿಲ್ಲ, ಅರ್ಜಿ ಜಾಸ್ತಿ ಬಂದ್ರೆ ಲಾಟರಿ ಎತ್ತಬೇಕು, ಆರ್‌ಟಿಇ ಸೀಟಿನ ಲಾಟರಿ ನೋಡಿರೋ ನಿಮಗೆ ಇದನ್ನ ಬಿಡಿಸಿ ಹೇಳೋದೇನಿಲ್ಲ. ಒಂದು ಮಗುಗೆ ಸೀಟ್ ಸಿಕ್ಕಿದ್ರೆ ಇನ್ನೊಂದಕ್ಕೆ ಮೊದಲ ಆದ್ಯತೆ. ಈ ದೇಶದಲ್ಲಿ ಇದಕ್ಕೆ ಮೊದಲು ಕಾನೂನು ಮಾಡಿದ್ದು ಮಿನೆಸೋಟಾ, 1991ರಲ್ಲಿ, ಅರಿಜೋನಾ 1994ರಲ್ಲಿ ಮಾಡ್ತು, ಈಗ ಇಲ್ಲಿ ಸರ್ಕಾರಿ ದುಡ್ಡಲ್ಲಿ ಓದೋ ಐದು ಮಕ್ಕಳಲ್ಲಿ ಸುಮಾರು ಒಂದು ಚಾರ್ಟರ್‌ಗೆ ಹೋಗುತ್ತೆ. ಫೀಸಿಲ್ಲ ಅಂದ್ನಲ್ಲ, ಆದ್ರೆ ಕೆಲವು ಸ್ಕೂಲಿಂದ ವರ್ಷಕ್ಕೊಂದ್ಸಲ ‘ಸ್ವಇಚ್ಛೆಯ ಕೊಡುಗೆ’ ಅಂತ ಕಾಗದ ಬರುತ್ತೆ, ನಮ್ಮೂರ ಬಿಲ್ಡಿಂಗ್ ಫಂಡ್ ಕಂಡೋರಿಗೆ ಎದೆ ಧಸಕ್ ಅನ್ನುತ್ತೆ, ಹೆದರ್ಬೇಡಿ, ಕೊಡದಿದ್ರೆ ಸೀಟೇನೂ ಹೋಗಲ್ಲ. ಬಸ್ ಮಾತ್ರ ನಿರೀಕ್ಷೆ ಇಟ್ಕೋಬೇಡಿ. ಚಾರ್ಟರ್‌ನೋರು ಬಸ್ ಬಿಡಲೇಬೇಕು ಅಂತ ಕಾನೂನಿಲ್ಲ, ಬಹಳಷ್ಟು ಜನ ಬಿಡೋದೂ ಇಲ್ಲ, ಬೆಳಗ್ಗೆ ಸಂಜೆ ನೀವೇ ಕಾರಲ್ಲಿ ಸಾಲಿಗೆ ನಿಲ್ಲಬೇಕು, ಸ್ಕೂಲ್ ಶುರುವಾಗೋದು ಜುಲೈ ಆಗಸ್ಟ್‌ನಲ್ಲಿ, ಆಗ ಹೊರಗೆ 43 ಡಿಗ್ರಿ, ರಾಯಚೂರಿನ ಮೇ ತಿಂಗಳನ್ನ ಕಾರೊಳಗೆ ಕೂರಿಸಿದ ಹಾಗೆ.

ಆ ಸಾಲಿಂದಲೇ ನನ್ನ ಕಥೆ ಶುರುವಾಗೋದು. 2014ರಲ್ಲಿ ತುಮಕೂರಿಂದ ಬಂದಾಗ ನಾನು ಎಚ್4, ಅಂದ್ರೆ ಎಚ್1ಬಿ ಕೆಲಸದ ವೀಸಾದಲ್ಲಿರೋರ ಹೆಂಡತಿ ಮಕ್ಕಳಿಗೆ ಕೊಡೋ ವೀಸಾ, ಕೆಲಸ ಮಾಡೋ ಹಾಗಿಲ್ಲ. ಮರುವರ್ಷ ಎಚ್4ನೋರಿಗೆ ವರ್ಕ್ ಪರ್ಮಿಟ್ ಬಂತು, ಆದ್ರೆ ಗಂಡನ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕೋ ಅರ್ಜಿ) ಮಂಜೂರಾಗಿರ್ಬೇಕಿತ್ತು, ನಮ್ಮದಾಗಿರ್ಲಿಲ್ಲ. ಅಪಾರ್ಟ್‌ಮೆಂಟಲ್ಲಿ ಎದುರುಮನೆಯೋರ ಮುಖ ನೋಡಿದ್ದೇ ದೀಪಾವಳಿ ಹೊತ್ತಿಗೆ. ಅಲ್ಲಿ ಕೆಲಸ ಬಿಟ್ಟು ಬಂದೋಳು, ಇಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಪಾತ್ರೆ ತೊಳೆದಾದ್ಮೇಲೆ ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ಅಂಥ ಹೊತ್ತಲ್ಲಿ ಮಗಳಿಗೆ ಐದನೇ ಕ್ಲಾಸಿಗೆ ಚಾರ್ಟರ್‌ನಲ್ಲಿ ಸೀಟ್ ಸಿಕ್ತು (ಯಾವ ಸ್ಕೂಲು ಅಂತ ಕೇಳ್ಬೇಡಿ, ಹೇಳಲ್ಲ), ಮೊದಲ ದಿನ ಪಿಕಪ್ ಲೈನಲ್ಲಿ ನಿಂತಾಗ ಹಿಂದಿನ ಕಾರಿಂದ ಯಾರೋ ಫೋನಲ್ಲಿ ‘ಅಯ್ಯೋ ಸುಮ್ನಿರಿ ಅತ್ತೆ’ ಅಂದಿದ್ದು ಕೇಳಿಸ್ತು ನೋಡಿ, ನಾನು ಇಳ್ದು ಹೋಗಿ ಕಿಟಕಿ ತಟ್ಟಿಬಿಟ್ಟೆ. ಇವತ್ತು ನನಗಿರೋ ಗೆಳತಿಯರೆಲ್ಲ ಆ ಲೈನಲ್ಲಿ ಸಿಕ್ಕಿದೋರು. ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟಿದ್ದು ಅವರಿಗೆ, ನಮ್ಮ ಅಪ್ಪ ತೀರ್ಕೊಂಡಾಗ ವಾಪಸ್ ಬರೋಕೆ ವೀಸಾ ಸ್ಟ್ಯಾಂಪಿಂಗ್ ಸಿಗದಿದ್ರೆ ಅನ್ನೋ ಭಯಕ್ಕೆ ಊರಿಗೆ ಹೋಗೋಕಾಗದೆ ಕೂತಿದ್ದಾಗ ಅನ್ನ ಸಾರು ತಂದಿಟ್ಟಿದ್ದು ಅವರು. ಅದಕ್ಕೇ ಹೊಸಬರು ಯಾರಾದ್ರೂ ಸ್ಕೂಲ್ ಹೆಂಗೆ ಅಂತ ಕೇಳಿದ್ರೆ ನಾನೂ ವರ್ಷಗಟ್ಟಲೆ ಸೂಪರ್ ಅಂತಲೇ ಹೇಳಿದೀನಿ. ಸುಳ್ಳಲ್ಲ ಅದು, ನನ್ನ ಪಾಲಿಗೆ ಸೂಪರ್ರೇ.

ಮಗಳು ಓದಿದ್ದು ಬೇರೆ ಸ್ಕೂಲಲ್ಲಿ ಅಂತ ತಿಳಿದಿದ್ದು ಅವಳು ಕಾಲೇಜಿಗೆ ಹೋದ್ಮೇಲೆ. ಗೇಟು ಒಂದೇ, ಬಿಲ್ಡಿಂಗ್ ಒಂದೇ. ಮಾರ್ಕ್ಸಲ್ಲಿ ಅವಳು ಯಾವತ್ತೂ ಮುಂದೆ, ಎಪಿ ಪರೀಕ್ಷೆಗಳಲ್ಲೆಲ್ಲ (ಹೈಸ್ಕೂಲಲ್ಲೇ ಬರೆಯೋ ಕಾಲೇಜ್ ಮಟ್ಟದ ಪರೀಕ್ಷೆ) ಐದಕ್ಕೆ ನಾಲ್ಕು ಐದು, ನಾನು ತುಮಕೂರಿಗೆ ಫೋನ್ ಮಾಡಿ ಅಮ್ಮನ ಹತ್ರ ಕೊಚ್ಕೊಂಡಿದ್ದೇ ಕೊಚ್ಕೊಂಡಿದ್ದು. ಒಂದಿನ ರಾತ್ರಿ ಯಾವುದೋ ಮಾತಿಗೆ ಅಂದ್ಲು, ‘ನಿಂಗೆ ಅಲ್ಲಿ ಫ್ರೆಂಡ್ಸ್ ಇದ್ರು ಅಮ್ಮ, ನಂಗಿರ್ಲಿಲ್ಲ.’ ಏನೇ ಹಂಗಂತೀಯ, ಮನೆಗೆಲ್ಲ ಬರ್ತಿದ್ರಲ್ಲ ಅಂದೆ. ಬರ್ತಿದ್ದೋರು ನನ್ನ ಗೆಳತಿಯರ ಮಕ್ಕಳಂತೆ, ಅವಳ ಫ್ರೆಂಡ್ಸ್ ಅಲ್ಲವಂತೆ. ಅವಳಿಗೆ ಇಷ್ಟ ಆದೋರು ಒಬ್ಬಳು ಗಿಲ್ಬರ್ಟಲ್ಲಿ, ಒಬ್ಬಳು ಅವಾಟುಕಿಯಲ್ಲಿ, ಇನ್ನೊಬ್ಬಳು ಟೆಂಪಿಯಲ್ಲಿ, ಚಾರ್ಟರ್‌ಗೆ ಏರಿಯಾ ಅಂತಿಲ್ವಲ್ಲ, ಊರ ನಾಲ್ಕು ಮೂಲೆಯಿಂದ ಬರ್ತಾರೆ. ಯಾರಾದ್ರೂ ಡ್ರೈವ್ ಮಾಡಿದ್ರೆ ಮಾತ್ರ ಭೇಟಿ. ನಮ್ಮ ಬೀದಿ ಮಕ್ಕಳೆಲ್ಲ ಡಿಸ್ಟ್ರಿಕ್ಟ್ ಸ್ಕೂಲಿಗೆ, ಅಂದ್ರೆ ಏರಿಯಾದ ಮಾಮೂಲಿ ಸರ್ಕಾರಿ ಸ್ಕೂಲಿಗೆ, ಒಂದೇ ಬಸ್ಸಲ್ಲಿ ಹೋಗಿ ಬಂದು ಸಂಜೆ ಕಮ್ಯುನಿಟಿ ಪೂಲಿಗೆ ಇಳೀತಿದ್ರು, ಇವಳು ಹೋದ್ರೆ ಹೆಸರೂ ಗೊತ್ತಿಲ್ಲ, ವಾಪಸ್ ಬಂದು ಹೋಂವರ್ಕಿಗೆ ಕೂರೋಳು. ಓದೋ ಹುಡುಗಿ, ಪೂಲ್ ಇಷ್ಟ ಇಲ್ಲ ಅಂತ ನಾವು ಅಂದ್ಕೊಂಡ್ವಿ.

ಇನ್ನೊಂದು ಹೇಳಿದ್ಲು. ಪ್ರತಿ ವರ್ಷ ಬೇಸಿಗೆ ರಜೆ ಮುಗಿಸಿ ಹೋದಾಗ ಲಂಚ್ ಟೇಬಲಲ್ಲಿ ಇಬ್ಬರು ಮೂವರು ಇರ್ತಿರ್ಲಿಲ್ಲವಂತೆ. ಯಾರೂ ಅದರ ಬಗ್ಗೆ ಮಾತಾಡ್ತಿರ್ಲಿಲ್ಲವಂತೆ. ವರ್ಷದ ಕೊನೆ ಪರೀಕ್ಷೆಯಲ್ಲಿ ಕಮ್ಮಿ ಬಂದೋರು, ಟೆನ್ಷನ್ ತಡೀದೋರು, ಬ್ಯಾಂಡು ಫುಟ್‌ಬಾಲು ಬೇಕು ಅನ್ನೋರು ಎಲ್ಲ ಎಂಟು ಒಂಬತ್ತನೇ ಕ್ಲಾಸಲ್ಲಿ ಡಿಸ್ಟ್ರಿಕ್ಟ್‌ಗೆ ವಾಪಸ್. ಐದನೇ ಕ್ಲಾಸಿಂದ ಹನ್ನೆರಡರವರೆಗೆ ಉಳಿದೋರು ಅರ್ಧಕ್ಕಿಂತ ಕಮ್ಮಿ. ನಮ್ಮ ಲೈನಲ್ಲಿ ಇದು ಗೊತ್ತಾಗ್ತಿರ್ಲಿಲ್ಲ, ಯಾಕಂದ್ರೆ ಮಗು ಬಿಟ್ಟ ಮೇಲೆ ಆ ತಾಯಿ ಲೈನಿಗೆ ಬರಲ್ಲ, ನಿಮಗೆ ಸಿಗೋರೆಲ್ಲ ಉಳಿದೋರ ತಾಯಂದಿರೇ.

ರ‍್ಯಾಂಕಿಂಗ್ ಕಥೆನೂ ಇದೇ, ಆಫೀಸಲ್ಲಿ ಅದನ್ನೇ ತೋರಿಸಿರ್ತಾರೆ. 1998ರಲ್ಲಿ ಟೂಸಾನಲ್ಲಿ ಶುರುವಾದ ಬೇಸಿಸ್ ಅಂತ ಒಂದು ಚಾರ್ಟರ್ ಸರಣಿ ಇದೆ (ನಮ್ಮ ಮಕ್ಕಳು ಹೋಗಿದ್ದು ಅದಲ್ಲ), 2018ರಲ್ಲಿ ಯುಎಸ್ ನ್ಯೂಸ್‌ನೋರು ಮಾಡೋ ದೇಶದ ಹೈಸ್ಕೂಲ್ ರ‍್ಯಾಂಕ್ ಪಟ್ಟಿಯ ಮೊದಲ ಐದು ಜಾಗನೂ ಅದರ ಅರಿಜೋನಾ ಶಾಲೆಗಳಿಗೇ ಹೋಯ್ತು. ದೊಡ್ಡ ಸಾಧನೆ, ನಾನು ಇಲ್ಲ ಅನ್ನಲ್ಲ. ಆದ್ರೆ ಆ ಪಟ್ಟಿಯಲ್ಲಿ ಎಪಿ ಲೆಕ್ಕ ಹಾಕೋದು ಹನ್ನೆರಡನೇ ಕ್ಲಾಸಲ್ಲಿ ಇರೋ ಮಕ್ಕಳದ್ದು. ನಡುವೆ ಬಿಟ್ಟು ಹೋದೋರು ಲೆಕ್ಕದಲ್ಲಿಲ್ಲ. ಅದಕ್ಕೆ ಯಾವ ಚಾರ್ಟರ್‌ಗೆ ಹೋದ್ರೂ ರ‍್ಯಾಂಕ್ ಕೇಳೋ ಮುಂಚೆ ಒಂದು ಪ್ರಶ್ನೆ ಕೇಳಿ, ಐದರಲ್ಲಿ ಎಷ್ಟು ಮಕ್ಕಳಿದಾರೆ, ಹನ್ನೆರಡರಲ್ಲಿ ಎಷ್ಟು? ಪಿಯು ಕಾಲೇಜುಗಳ ನೂರಕ್ಕೆ ನೂರು ರಿಸಲ್ಟ್ ಬೋರ್ಡ್ ನೋಡಿ ಬೆಳೆದಿರೋ ನಾವೇ ಈ ಪ್ರಶ್ನೆ ಕೇಳಲ್ಲ ಅಂದ್ರೆ ಇನ್ಯಾರು ಕೇಳ್ತಾರೆ ಹೇಳಿ.

ಇಷ್ಟು ಓದಿ ಚಾರ್ಟರ್ ಬೇಡ ಅಂತ ತೀರ್ಮಾನ ಮಾಡ್ಬೇಡಿ, ಯಾಕಂದ್ರೆ ನಮ್ಮ ಮಗನ ಕಥೆ ಉಲ್ಟಾ. ಅವನು ಅಲ್ಲಿ ಮಾರ್ಕ್ಸಲ್ಲಿ ಸಾಧಾರಣ, ಎಂಟನೇ ಕ್ಲಾಸಿಗೆ ನಾವೇ ಬಿಡಿಸಿದ್ವಿ, ಈಗ ಸಾವಿರಾರು ಮಕ್ಕಳಿರೋ ಡಿಸ್ಟ್ರಿಕ್ಟ್ ಹೈಸ್ಕೂಲಲ್ಲಿದಾನೆ, ಮಾರ್ಚಿಂಗ್ ಬ್ಯಾಂಡಲ್ಲಿ ಟ್ರಂಪೆಟ್ ಊದ್ತಾನೆ, ಬಸ್ಸಲ್ಲಿ ಬರ್ತಾನೆ, ಮನೆ ತುಂಬ ಹುಡುಗ್ರು, ಫ್ರಿಜ್ಜಲ್ಲಿ ಏನೂ ಉಳಿಯಲ್ಲ. ಖುಷಿಯಾಗಿದಾನೆ ಅಂತ ನಾನಂದ್ರೆ ಅವನೇ ಒಪ್ಪಲ್ಲ! ಹಳೇ ಸ್ಕೂಲಿನ ಫಿಸಿಕ್ಸ್ ಸರ್ ಬೇಕು ಅಂತಾನೆ. ಆ ಮನುಷ್ಯ ಎಂಜಿನಿಯರಾಗಿದ್ದೋರು, ಬಿಎಡ್ ಥರದ್ದು ಏನೂ ಇರ್ಲಿಲ್ಲ, ಇಲ್ಲಿ ಚಾರ್ಟರ್ ಮೇಷ್ಟ್ರಿಗೆ ರಾಜ್ಯದ ಸರ್ಟಿಫಿಕೇಟ್ ಕಡ್ಡಾಯ ಅಲ್ಲ. ಅದನ್ನ ಕೇಳಿ ನನ್ನ ಗಂಡ ಮೊದಮೊದಲು ಗೊಣಗಿದ್ದೇ ಗೊಣಗಿದ್ದು, ಆದ್ರೆ ಆ ಸರ್ ಪ್ರಶ್ನೆ ಕೇಳಿದ್ರೆ ಉತ್ತರ ಕೊಡದೆ ಇನ್ನೊಂದು ಪ್ರಶ್ನೆ ಕೇಳ್ತಿದ್ರಂತೆ, ಅಂಥೋರು ಹೊಸ ಸ್ಕೂಲಲ್ಲಿ ಸಿಕ್ಕಿಲ್ಲವಂತೆ. ಈಗ ನಮ್ಮ ಮನೇಲಿ ನಾಲ್ಕು ಜನಕ್ಕೂ ಆ ಸ್ಕೂಲ್ ಬಗ್ಗೆ ನಾಲ್ಕು ಅಭಿಪ್ರಾಯ. ಯಜಮಾನ್ರು ಮಗನ್ನ ಬಿಡಿಸಬಾರದಿತ್ತು ಅಂತಾರೆ, ಮಗಳು ತನ್ನನ್ನ ಅಲ್ಲಿಗೆ ಹಾಕಬಾರದಿತ್ತು ಅಂತಾಳೆ.

ನನ್ನೊಳಗೆ ಉಳಿದಿರೋದು ಮಾತ್ರ ಇನ್ನೊಂದೇ. ಮಗಳು ಆರನೇ ಕ್ಲಾಸವರೆಗೂ ಭಾನುವಾರ ಕನ್ನಡ ಕ್ಲಾಸಿಗೆ ಹೋಗ್ತಿದ್ಲು, ಒತ್ತಕ್ಷರಕ್ಕೆ ಬಂದಿದ್ಲು. ಹೋಂವರ್ಕ್ ರಾತ್ರಿ ಹನ್ನೊಂದಾಗೋಕೆ ಶುರುವಾದಾಗ ಮೊದಲು ಬಿಟ್ಟಿದ್ದು ಅದನ್ನೇ, ಯಾಕಂದ್ರೆ ಅದಕ್ಕೆ ಮಾರ್ಕ್ಸಿಲ್ವಲ್ಲ. ಆಮೇಲೆ ಶುರು ಮಾಡಿದ್ರಾಯ್ತು ಅಂದ್ಕೊಂಡ್ವಿ. ಅವಳಿಗೆ ಈಗ ಅಜ್ಜಿ ಮಾತು ಪೂರ್ತಿ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ ಬರುತ್ತೆ, ಆಗ ಅಜ್ಜಿ ‘ಫೋನ್ ನಿಮ್ಮಮ್ಮಂಗೆ ಕೊಡು’ ಅಂತಾಳೆ. ಸ್ಕೂಲಿನ ತಪ್ಪು ಅನ್ನೋಕೂ ಆಗಲ್ಲ, ಡಿಸ್ಟ್ರಿಕ್ಟಲ್ಲಿ ಓದಿದ ಎಷ್ಟೋ ಮಕ್ಕಳಿಗೂ ಕನ್ನಡ ಬರಲ್ಲ. ಆದ್ರೆ ಟೈಮ್‌ಟೇಬಲಲ್ಲಿ ಒಂದೂ ಖಾಲಿ ಸಂಜೆ ಉಳಿಸದ ಸ್ಕೂಲ್ ಆರಿಸ್ಕೊಂಡ್ರೆ ಹೋಗೋದು ಯಾವುದು ಅಂತ ಮುಂಚೆನೇ ಯೋಚ್ನೆ ಮಾಡ್ಕೊಳ್ಳಿ.

ಕನ್ನಡ ಅಂದಾಗ ನೆನಪಾಯ್ತು. ಅಡ್ಮಿಷನ್ ಫಾರ್ಮ್ ಜೊತೆ ಮನೆ ಭಾಷೆ ಯಾವುದು ಅಂತ ಇನ್ನೊಂದು ಫಾರ್ಮ್ ಕೊಡ್ತಾರೆ, ಇಂಗ್ಲಿಷ್ ಬಿಟ್ಟು ಬೇರೆ ಬರೆದ್ರೆ ಮಗುಗೆ ಅಜೆಲ್ಲಾ ಅಂತ ಇಂಗ್ಲಿಷ್ ಟೆಸ್ಟ್ ಮಾಡ್ತಾರೆ. ಟೆಸ್ಟ್ ಯಾಕೆ ಅಂತ ನಮ್ಮೋರು ಸುಮಾರು ಜನ ಇಂಗ್ಲಿಷ್ ಅಂತ ಗೀಚಿ ಬರ್ತಾರೆ. ನೀವು ಕನ್ನಡ ಅಂತಲೇ ಬರೀರಿ. ಇಂಗ್ಲಿಷ್ ಮೀಡಿಯಂ ಮಗು, ನಾಲ್ಕನೇ ಕ್ಲಾಸ್ ಮುಗಿಸಿದಾಳೆ, ಆರಾಮಾಗಿ ಪಾಸಾಗ್ತಾಳೆ.

ಇನ್ನು ನೀವು ಕೇಳದಿದ್ರೂ ತಿಳ್ಕೋಬೇಕಾದ ಕೆಲವು ವಿಷಯ. ಡಿಸ್ಟ್ರಿಕ್ಟ್ ಸ್ಕೂಲ್ ಅಂದ್ರೆ ನಮ್ಮೂರ ಸರ್ಕಾರಿ ಶಾಲೆ ಅಂದ್ಕೊಂಡು ಮೂಗು ಮುರೀಬೇಡಿ, ಚಾಂಡ್ಲರ್ ಡಿಸ್ಟ್ರಿಕ್ಟಲ್ಲಿ ಜಾಣ ಮಕ್ಕಳಿಗೆ ಅಂತ ಗಿಫ್ಟೆಡ್ ಕ್ಲಾಸು, ಎಪಿ ಎಲ್ಲ ಇದೆ, ಓಪನ್ ಎನ್‌ರೋಲ್‌ಮೆಂಟ್‌ನಲ್ಲಿ ಬೇರೆ ಏರಿಯಾದ ಸ್ಕೂಲಿಗೂ ಅರ್ಜಿ ಹಾಕ್ಬೋದು, ಜಾಗ ಇರ್ಬೇಕಷ್ಟೇ. ಚಾರ್ಟರ್‌ಗಳು ಮುಚ್ಚೋದೂ ಉಂಟು, 2018ರ ಜನವರಿಯಲ್ಲಿ ಗುಡ್‌ಇಯರ್ ಅನ್ನೋ ಊರಲ್ಲಿ ಒಂದು ಚಾರ್ಟರ್ ಶಾಲಾ ವರ್ಷದ ಮಧ್ಯದಲ್ಲೇ ಬಾಗಿಲು ಹಾಕ್ತು, ಹೊಸ ಸ್ಕೂಲಾದ್ರೆ ಸ್ವಲ್ಪ ವಿಚಾರಿಸಿ. ಒಳ್ಳೆ ಚಾರ್ಟರ್‌ಗಳ ಲಾಟರಿ ಜೂನ್ ಹೊತ್ತಿಗೆ ಮುಗ್ದಿರುತ್ತೆ, ವೇಟ್‌ಲಿಸ್ಟಲ್ಲಿ ಹೆಸರು ಬರೆಸಿ ಡಿಸ್ಟ್ರಿಕ್ಟ್‌ಗೆ ಸೇರಿಸಿ, ಅಲ್ಲೇನೂ ಆಕಾಶ ಬೀಳಲ್ಲ. ಮಗನಿಗೆ ಸೆಪ್ಟೆಂಬರ್ 1ಕ್ಕೆ ಮುಂಚೆ 5 ತುಂಬಿದ್ರೆ ಕಿಂಡರ್‌ಗಾರ್ಟನ್, 6 ತುಂಬಿದ್ರೆ ಫಸ್ಟ್ ಗ್ರೇಡ್, ಚಿಕ್ಕೋನನ್ನ ದೊಡ್ಡ ಕ್ಲಾಸಿಗೆ ತಳ್ಳೋಕೆ ಹೋಗ್ಬೇಡಿ. ಲಸಿಕೆ ಕಾರ್ಡ್ ಕೈಚೀಲದಲ್ಲೇ ಇಟ್ಕೊಂಡು ಬನ್ನಿ, ಸೂಟ್‌ಕೇಸಲ್ಲಿ ಬೇಡ. ಸೀತಾಳೆ ಸಿಡುಬು ಅಂತಾರಲ್ಲ ಚಿಕನ್‌ಪಾಕ್ಸ್, ಅದರ ಇಂಜೆಕ್ಷನ್ ನಮ್ಮಲ್ಲಿ ಸರ್ಕಾರಿ ಲಸಿಕೆ ಪಟ್ಟಿಯಲ್ಲಿಲ್ಲ, ಇಲ್ಲಿ ಕೇಳ್ತಾರೆ, ದಾವಣಗೆರೆಯಲ್ಲೇ ಹಾಕಿಸಿ ಬರೆಸ್ಕೊಂಡು ಬಂದ್ರೆ ಖರ್ಚು ಉಳಿಯುತ್ತೆ. ವೀಸಾ ನೋಡಿ ಸ್ಕೂಲಿಗೆ ಬೇಡ ಅನ್ನೋ ಹಾಗಿಲ್ಲ, ಆ ಭಯ ಬೇಡ. ಇನ್ನೊಂದು ಭಯ ಇಟ್ಕೊಳ್ಳಿ, 21 ತುಂಬಿದ್ರೆ ಮಕ್ಕಳ ಎಚ್4 ಮುಗಿಯುತ್ತೆ, ಎಷ್ಟನೇ ರ‍್ಯಾಂಕ್ ಸ್ಕೂಲಲ್ಲಿ ಓದಿದ್ರೂ. ನಮ್ಮ ಮಗಳು ಈಗ ಎಫ್1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿದಾಳೆ, ಅದು ಬೇರೇ ಪುರಾಣ.

ಬಂದ್ಮೇಲೆ ಒಂದು ಭಾನುವಾರ ಮಕ್ಕಳನ್ನ ಕರ್ಕೊಂಡು ಊಟಕ್ಕೆ ಬನ್ನಿ. ಮಗಳು ಟೆಂಪಿಯಲ್ಲೇ ಓದೋದು, ಬಟ್ಟೆ ಒಗೆಯೋಕೆ ಮನೆಗೆ ಬರ್ತಾಳೆ. ನಿಮ್ಮ ಮಗಳನ್ನ ಅವಳ ಜೊತೆ ಕೂರಿಸಿ ನಾವಿಬ್ರೂ ಪಟೇಲ್ ಅಂಗಡಿಗೆ ಹೋಗಿ ಬರೋಣ, ನಾನು ಮನೇಲಿದ್ರೆ ಅವಳು ಸ್ಕೂಲ್ ಬಗ್ಗೆ ಅರ್ಧ ಮಾತ್ರ ಹೇಳ್ತಾಳೆ.