ಪ್ರಾಕ್ಟಿಕಲ್‌ಗೆ ಮೂರ ವಾರ ಉಳಿದೈತಿ, ಜಾಕಿ ಹಿಡದ್ರ ಕೈ ನಡಗ್ತೈತಿ ಸರ್

ಪ್ರಶ್ನೆ: ಸರ್ ನಮಸ್ಕಾರ. ನಾನು ಬೀಳಗಿ ಕಡೆ ಹಳ್ಳಿಯಿಂದ ಬಾಗಲಕೋಟಿಗೆ ಬಸ್ಸಿನಾಗ ಓಡಾಡ್ಕೊಂಡ ಸೆಕೆಂಡ್ ಪಿಯುಸಿ ಸೈನ್ಸ್ ಓದಾಕತ್ತೀನ್ರಿ. ಎಸ್ಸೆಸ್ಸೆಲ್ಸಿ ಮಟಾ ಕನ್ನಡ ಮೀಡಿಯಂ. ಲ್ಯಾಬಿನಾಗ ಐದೈದ ಮಂದಿಗೆ ಒಂದ ಸೆಟ್, ಶಾಣ್ಯಾ ಹುಡುಗ್ರ ಮಾಡ್ತಾರ, ನಾವ್ ರೀಡಿಂಗ್ ಬರ್ಕೊಂತೀವಿ. ಮೀಟರ್ ಬ್ರಿಜ್ ನಾನೊಬ್ಬಾಕೀನ ಒಮ್ಮೆನೂ ಮಾಡಿಲ್ಲ. ಬಯಾಲಜಿಯೊಳಗ ಉಳ್ಳಾಗಡ್ಡಿ ಬೇರಿನ ಸ್ಲೈಡ್ ಮಾಡಿದ್ರ ಬರೇ ಕೆಂಪ ಮುದ್ದಿ ಕಾಣಸ್ತೈತಿ. ಇನ್ನ ಮೂರ ವಾರ ಅಷ್ಟ ಐತಿ, ಏನ ಮಾಡ್ಲಿ?

ಉತ್ತರ: ತಂಗಿ, ಮೊದ್ಲ ಒಂದ ಮಾತು. ಮೂರ ವಾರ ಕಡಿಮಿ ಏನಲ್ಲ. ಥಿಯರಿ 70 ಮಾರ್ಕ್ಸಿಗೆ ವರ್ಷಗಟ್ಲೆ ಟ್ಯೂಷನ್ ಹೊಡಿತೀರಿ, ಪ್ರಾಕ್ಟಿಕಲ್ 30 ಮಾರ್ಕ್ಸ್ ಮಾತ್ರ ರೆಕಾರ್ಡ್ ಬುಕ್ ಸಿಂಗಾರಾ ಮಾಡೂದ್ರಾಗ ಹೋಗಿಬಿಡ್ತೈತಿ. ನಾಳೆಯಿಂದ ಒಂದ ಕೆಲಸ ಮಾಡ, ಲ್ಯಾಬ್ ಅಟೆಂಡರ್ ಕಾಕಾಗ ಮರ್ಯಾದಿಯಿಂದ ಕೇಳ್ಕೊಂಡ ಮಧ್ಯಾಹ್ನ ಊಟದ ಹೊತ್ತಿನ್ಯಾಗ ಅರ್ಧಾ ತಾಸು ಒಬ್ಬಾಕೀನ ವೈರಿಂಗ್ ಮಾಡ, ಬಿಚ್ಚ, ಮತ್ತ ಮಾಡ. ರೀಡಿಂಗ್ ತಗೊಳ್ಳೂದ ಬ್ಯಾಡ, ಬರೇ ವೈರಿಂಗ್. ನಾಕ ದಿನಕ್ಕ ಕೈ ನಡುಗೂದ ಬಿಡ್ತೈತಿ.

ಈಗ ಮೀಟರ್ ಬ್ರಿಜ್, ಅಂದ್ರ ಒಂದ ಮೀಟರ್ ಉದ್ದದ ತಂತಿ ಮ್ಯಾಲ ಗೊತ್ತಿಲ್ಲದ ರೆಸಿಸ್ಟೆನ್ಸ್ ಅಳಿಯೂ ಸಾಧನ. ಹುಡುಗ್ರು ಕನೆಕ್ಷನ್ ಮುಗಿತಂದ್ರ ಸೀದಾ ಬ್ಯಾಲೆನ್ಸ್ ಪಾಯಿಂಟ್ (ಮುಳ್ಳು ಸೊನ್ನಿಗೆ ನಿಲ್ಲೂ ಜಾಗಾ) ಹುಡುಕಾಕ ಹೋಗ್ತಾರ, ಹಂಗ ಮಾಡಬ್ಯಾಡ. ಮೊದ್ಲ ಜಾಕಿನ್ನ, ಅಂದ್ರ ತಂತಿಗೆ ಮುಟ್ಸೂ ಲೋಹದ ಮೊನಿನ್ನ, ತಂತಿ ಎಡಗಡೆ ತುದಿಗೆ ಮುಟ್ಸು, ಆಮ್ಯಾಲ ಬಲಗಡೆ ತುದಿಗೆ. ಗ್ಯಾಲ್ವನೋಮೀಟರ್ (ಕರೆಂಟ್ ತೋರ್ಸೂ ಮೀಟರ್) ಮುಳ್ಳು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹೋಗ್ಬೇಕು. ಎರಡೂ ಸಲ ಒಂದ ಕಡೆ ಹೋತಂದ್ರ ಎಲ್ಲೋ ಲೂಸ್ ಐತಿ ಇಲ್ಲಾ ತಪ್ಪ ಐತಿ ಅಂತ ತಿಳ್ಕೊ. ಕನೆಕ್ಷನ್ ವೈರಿನ ತುದಿಗೆ ಸ್ಯಾಂಡ್ ಪೇಪರ್ ತಿಕ್ಕು, ರೆಸಿಸ್ಟೆನ್ಸ್ ಬಾಕ್ಸಿನ ಪ್ಲಗ್ ಒಂದೊಂದೂ ಒತ್ತಿ ತಿರುವಿ ಬಿಗಿ ಮಾಡ. ನಾ ಇಷ್ಟ ವರ್ಷದಾಗ ನೋಡಿದ "ಸರ್ ನನ್ ಬ್ರಿಜ್ ವರ್ಕ್ ಆಗವಲ್ದು" ಅನ್ನೂ ಕೇಸಿನ್ಯಾಗ ಅರ್ಧಕ್ಕಿಂತ ಜಾಸ್ತಿ ಬರೇ ಈ ಪ್ಲಗ್‌ದು.

ಜಾಕಿನ್ನ ತಂತಿ ಮ್ಯಾಲ ಎಳದ್ಯಾಡಬ್ಯಾಡ. ಮುಟ್ಸು, ಎತ್ತು, ಸರಸು, ಮತ್ತ ಮುಟ್ಸು. ಎಳದ್ರ ತಂತಿ ಸವದ ಒಂದ ಕಡೆ ದಪ್ಪ ಒಂದ ಕಡೆ ಸಣ್ಣ ಆಗ್ತೈತಿ, ತಂತಿ ಉದ್ದಕ್ಕೂ ಒಂದ ಸಮ ಐತಿ ಅನ್ನೂದರ ಮ್ಯಾಲ ಇಡೀ ಲೆಕ್ಕ ನಿಂತೈತಿ. ಬ್ಯಾಲೆನ್ಸ್ ಪಾಯಿಂಟ್ 30ರಿಂದ 70 ಸೆಂಟಿಮೀಟರ್ ನಡುವ ಬರೂವಂಗ ಬಾಕ್ಸಿನ್ಯಾಗ ರೆಸಿಸ್ಟೆನ್ಸ್ ತೆಗಿ. ಎಂಟೋ ಹತ್ತೋ ಸೆಂಟಿಮೀಟರಿಗೆ ಬಂದ್ರ ಒಂದ ಮಿಲಿಮೀಟರ್ ಆಚಿ ಈಚಿ ಆದ್ರೂ ಉತ್ತರ ಭಾಳ ಹಾರ್ತೈತಿ. ಕೀಲಿಕೈ ಅಂದ್ರ ಪ್ಲಗ್ ಕೀ, ಅದನ್ನ ರೀಡಿಂಗ್ ತಗೊಳ್ಳೂ ಹೊತ್ತಿನ್ಯಾಗ ಅಷ್ಟ ಹಾಕು, ಇಲ್ಲಂದ್ರ ತಂತಿ ಬಿಸಿ ಆಗ್ತೈತಿ.

ಮತ್ತ ಸ್ಕ್ರೂ ಗೇಜ್! ಇದನ್ನ ಯಾರೂ ಕಿಮ್ಮತ್ತಿಗೆ ತಗೊಳ್ಳಂಗಿಲ್ಲ. ಇದು ತಂತಿ ದಪ್ಪ ಅಳಿಯೂ ಸಾಧನ. ರೆಸಿಸ್ಟಿವಿಟಿ ತಗಿಯೂ ಮುಂದ, ಬ್ರಿಜ್‌ನಾಗ ರೆಸಿಸ್ಟೆನ್ಸ್ ಅಳದ ತಂತಿ ಡಯಾಮೀಟರ್ ಸ್ಕ್ವೇರ್ ಆಗ್ತೈತಿ. ತಂತಿ ಖರೇ ದಪ್ಪ 0.40 ಮಿಲಿಮೀಟರ್ ಐತಿ ಅನ್ಕೊ, ಗೇಜಿನ್ಯಾಗ ಎರಡ ಡಿವಿಜನ್ ಝೀರೋ ಎರರ್ (ಏನೂ ಹಿಡೀದಾಗೂ ತೋರ್ಸೂ ರೀಡಿಂಗ್) ಇತ್ತು, ನೀ ಕಳಿಲಿಲ್ಲ, 0.42 ಅಂತ ಬರದಿ. ದಪ್ಪದಾಗ 5 ಪರ್ಸೆಂಟ್ ತಪ್ಪು, ಉತ್ತರದಾಗ 10 ಪರ್ಸೆಂಟ್. ಬ್ರಿಜ್ ಮ್ಯಾಲ ಬೆವರ ಸುರಿಸಿ ಮಾಡಿದ್ದೆಲ್ಲಾ ನೀರಾಗ ಹೋತು.

ಮನ್ಯಾಗೂ ಕೈ ಪಳಗಿಸ್ಬಹುದು. ಪೆಂಡುಲಮ್ ಫಸ್ಟ್ ಪಿಯುಸಿದು, ಆದ್ರೂ ಮಾಡ. ಒಂದ ದಾರಕ್ಕ ಸಣ್ಣ ನಟ್ ಕಟ್ಟಿ, ನಟ್ಟಿನ ನಡುವಿಂದ ಮ್ಯಾಲಿನ ಗಂಟಿನ ಮಟಾ ಸರಿಯಾಗಿ ಒಂದ ಮೀಟರ್ ಇಟ್ಟು ಜಂತಿಗೆ ಇಳಿಬಿಡು, ಮೊಬೈಲ್ ಸ್ಟಾಪ್‌ವಾಚ್ ಹಿಡಿ. ಹೋಗಿ ಬಂದ್ರ ಒಂದು, ಹಿಂಗ 20ಕ್ಕ ಸುಮಾರ 40 ಸೆಕೆಂಡ್ ಬರ್ಬೇಕು. 38 ಬಂತಂದ್ರ ನೀ ಬಿಡೂ ಮುಂದ "ಒಂದು" ಅಂತ ಎಣಿಸಿ ಶುರು ಮಾಡಿ, ಖರೇ ಆಗಿದ್ದು 19. ಜಿ, ಅಂದ್ರ ಗುರುತ್ವ ವೇಗೋತ್ಕರ್ಷದ ಬೆಲೆ 9.8 ಬರೂ ಬದ್ಲಿ 10.9 ಬರ್ತೈತಿ. "ಸೊನ್ನಿ" ಅಂತ ಶುರು ಮಾಡ್ಬೇಕು. ಇಷ್ಟ ಸಣ್ಣ ವಿಷಯಕ್ಕ ನನ್ನ ಕಡೆ ಬಂದ ಹುಡುಗ್ರು ಪ್ರತಿ ವರ್ಷ ಒದ್ದಾಡ್ತಾರ.

ಬಯಾಲಜಿ ನಂದಲ್ಲ, ನಮ್ಮ ಮನಿಯವ್ರು ಅದನ್ನ ಕಲಿಸ್ತಾರ, ನಿನ್ನ ಪ್ರಶ್ನೆ ಓದಿ ಹೇಳ್ದೆ, ರೊಟ್ಟಿ ಬಡಿಯೂದ ಬಿಟ್ಟ ಬಂದ್ರು. ಕೆಂಪ ಮುದ್ದಿ ಯಾಕಂದ್ರ ನೀ ಬೇರು ಉದ್ದ ಇಟ್ಟಿ. ಬಣ್ಣ ಹಾಕಿದ ಮ್ಯಾಲ ತುದಿ 2-3 ಮಿಲಿಮೀಟರ್ ಅಷ್ಟ ದಟ್ಟ ಕೆಂಪ ಆಗಿರ್ತೈತಿ, ಸೆಲ್ ವಿಭಜನೆ ಆಗೂದ ಅಲ್ಲೇ, ಅಷ್ಟ ಇಟ್ಟ ಉಳದಿದ್ದ ಬ್ಲೇಡಿಲೆ ಕತ್ತರಿಸಿ ಬಿಸಾಕು. ನಿಮ್ಮ ಕಡೆ ಉಳ್ಳಾಗಡ್ಡಿಗೇನ ಬರ ಇಲ್ಲ, ಹಳೇ ಬೇರ ಕೆರದ ಗ್ಲಾಸಿನ ನೀರಿನ ಮ್ಯಾಲ ಕೂಡ್ಸು, ನಾಕೈದ ದಿನಕ್ಕ ಬಿಳಿ ಬೇರ ಇಳಿತಾವ. ಗ್ಲಾಸ್ ಸಮೇತ ಕಾಲೇಜಿಗೆ ಒಯ್ದ ಮುಂಜಾನೆ 8ರಿಂದ 10ರ ಒಳಗ ಅಲ್ಲೇ ಕತ್ತರಿಸು, ಆ ಹೊತ್ತಿನ್ಯಾಗ ವಿಭಜನೆ ಜೋರ ಇರ್ತೈತಿ. ಕತ್ತರಿಸಿದ ಕೂಡ್ಲೆ ಅಸಿಟಿಕ್ ಆಸಿಡ್ ಒಂದ ಪಾಲು, ಆಲ್ಕೋಹಾಲ್ ಮೂರ ಪಾಲು, ಅದ್ರಾಗ ಒಂದ ದಿನ ಇಡು. ಅಸಿಟೋಕಾರ್ಮಿನ್ ಅನ್ನೂ ಕೆಂಪ ಬಣ್ಣ ಹಾಕಿ ಸ್ಲೈಡ್ ಬಿಸಿ ಮಾಡೂ ಮುಂದ ಕುದಿಬಾರ್ದು, ಅಂಗೈ ಹಿಂಭಾಗಕ್ಕ ಮುಟ್ಟಿಸಿದ್ರ ಬೆಚ್ಚಗ ಅನಿಸ್ಬೇಕು ಅಷ್ಟ. ಕವರ್ ಸ್ಲಿಪ್ ಮ್ಯಾಲ ಬ್ಲಾಟಿಂಗ್ ಪೇಪರ್ ಇಟ್ಟ ಪೆನ್ಸಿಲ್ ಹಿಂಭಾಗದಿಂದ ಟಕ್ ಟಕ್ ಅಂತ ಬಡಿ, ಆಮ್ಯಾಲ ಹೆಬ್ಬೆರಳಲೆ ನೆಟ್ಟಗ ಒತ್ತು, ಸರಿದಾಡಿಸಬ್ಯಾಡ. ಆವಾಗ ಸೆಲ್ ಒಂದ ಪದರ ಆಗಿ ಹರಡ್ತಾವ.

ಮೈಕ್ರೋಸ್ಕೋಪಿನ್ಯಾಗ ಮೊದ್ಲ 10 ಎಕ್ಸ್, ಜಾಗಾ ಸಿಕ್ಕ ಮ್ಯಾಲ 40 ಎಕ್ಸ್. 40ಕ್ಕ ಬಂದ ಮ್ಯಾಲ ದೊಡ್ಡ ತಿರುಪು ಮುಟ್ಟಬಾರ್ದು, ಲೆನ್ಸ್ ಬಂದ ಸ್ಲೈಡಿಗೆ ಬಡಿತೈತಿ, ಟಕ್ ಅಂತ ಶಬ್ದ ಆತಂದ್ರ ಲ್ಯಾಬಿನ್ಯಾಗ ಎಲ್ಲಾರೂ ನಿನ್ನ ಕಡೆ ನೋಡ್ತಾರ! ಇನ್ನೊಂದು, ಹೆಚ್ಚಿನ ಸೆಲ್ ಇಂಟರ್‌ಫೇಸಿನ್ಯಾಗ, ಅಂದ್ರ ವಿಭಜನೆ ಶುರು ಆಗೂ ಮೊದ್ಲಿನ ಹಂತದಾಗ ಇರ್ತಾವ, ಪುಸ್ತಕದ ಚಿತ್ರದಂಗ ಚೊಕ್ಕ ಮೆಟಾಫೇಸ್ (ಕ್ರೋಮೋಸೋಮ್ ನಡುವ ಸಾಲಾಗಿ ನಿಲ್ಲೂ ಹಂತ) ಸಿಗ್ಲಿಲ್ಲಂತ ಗಾಬರಿ ಆಗಬ್ಯಾಡ. ಕಂಡಿದ್ದ ಬಿಡಿಸು.

ಸ್ಪಾಟರ್, ಅಂದ್ರ ಇಟ್ಟಿದ್ದನ್ನ ನೋಡಿ ಗುರ್ತಿಸಿ ಬರಿಯೂ ಪ್ರಶ್ನೆ, ಅದಕ್ಕ ಊರ ಹೊಲಾನ ಲ್ಯಾಬು. ಗೋವಿನಜೋಳದ ತೆನಿ ತುದಿಗೆ ಕೂದಲಿನಂಗ ಜೋತ ಬಿದ್ದಿರ್ತಾವಲ್ಲ, ಅವು ಹೂವಿನ ಶಲಾಕೆ ಮತ್ತ ಶಲಾಕಾಗ್ರ, ಗಾಳಿಯೊಳಗಿನ ಪರಾಗ ಹಿಡಿಯಾಕ ಅಷ್ಟ ಉದ್ದ ಇರ್ತಾವ. ಹೆಸರ ಬರದ್ರ ಸಾಲಂಗಿಲ್ಲ, ಹಿಂಗ ಕಾರಣಾನೂ ಬರೀಬೇಕು. ಆಸ್ಮಾಸಿಸ್ (ಪೊರೆ ದಾಟಿ ನೀರ ಹರಿಯೂದು) ಕೇಳಿದ್ರ ನಮ್ಮ ವಿಜಯಪುರದ ಒಣದ್ರಾಕ್ಷಿ ನೆನಸ್ಕೊ, ರಾತ್ರಿ ನೀರಾಗ ಹಾಕಿದ್ರ ಮುಂಜಾನೆ ಉಬ್ಬಿರ್ತೈತಿ, ನೀರ ಒಳಗ ಹೋಗೂ ಅದ ಎಂಡಾಸ್ಮಾಸಿಸ್. ವೈವಾದಾಗ (ಬಾಯಿಮಾತಿನ ಪರೀಕ್ಷೆಯಾಗ) ಇಂಗ್ಲಿಷ್ ತಡವರಿಸ್ತೈತಿ ಅಂತ ಹೆದರಬ್ಯಾಡ, ಪಾರಿಭಾಷಿಕ ಪದ ಇಂಗ್ಲಿಷಿನ್ಯಾಗ ಹೇಳಿ, ವಿವರ ಕನ್ನಡದಾಗ ಹೇಳ್ಲೇನ್ರಿ ಸರ್ ಅಂತ ಕೇಳು. ಹೊರಗಿಂದ ಬರೋರೂ ನಮ್ಮಂಗ ಪಾಠ ಹೇಳೋ ಮಂದಿನ, ನಿನ್ನಂಥ ಹುಡುಗ್ರನ್ನ ದಿನಾ ನೋಡ್ತಿರ್ತಾರ.

ಪ್ರಶ್ನೆ: ಸರ್, ನಾನು ಗೋಕಾಕದಾಂವ, ಕಿರಾಣಿ ಅಂಗಡಿ ಐತ್ರಿ. ನನ್ನ ಮಗ ಹ್ವಾದ ವರ್ಷದ ಹುಡುಗ್ರ ರೆಕಾರ್ಡಿನ ರೀಡಿಂಗ್ ಬಾಯಿಪಾಠ ಮಾಡಾಕತ್ಯಾನ, ಎಲ್ಲಾರೂ ಹಂಗ ಮಾಡ್ತಾರಪ್ಪಾ ಅಂತಾನ. ಇದ ನಡಿತೈತೇನ್ರಿ?

ಉತ್ತರ: ನಡಿಯಂಗಿಲ್ರಿ. ಒಮ್ಮೆ ನಾ ಹೊರಗಿನ ಪರೀಕ್ಷಕ ಆಗಿ ಒಂದ ಕಾಲೇಜಿಗೆ ಹೋಗಿದ್ದೆ, ಹಿಂದಿನ ದಿನ ಸಂಜೀಕ ಕೂತ ಬ್ರಿಜ್‌ಗಳ ಕಾಯಿಲ್ (ಹುಡುಗ್ರು ರೆಸಿಸ್ಟೆನ್ಸ್ ಅಳಿಯೂ ತಂತಿ ಸುರುಳಿ) ಎಲ್ಲಾ ಅದಲ ಬದಲ ಮಾಡಿದ್ದೆ. ಮರದಿನ ಏಳ ಹುಡುಗ್ರ ಹಾಳ್ಯಾಗ ಬ್ಯಾಲೆನ್ಸ್ ಪಾಯಿಂಟ್ 52.3, 52.3, 52.3. ಒಬ್ಬಂವನ್ನ ಕರದ "ತಮ್ಮಾ, ಜಾಕಿ 52.3ಕ್ಕ ಇಟ್ಟ ತೋರ್ಸು" ಅಂದೆ, ಮುಳ್ಳು ಸೀದಾ ತುದಿಗೆ ಹೋಗಿ ಬಡೀತು, ಹುಡುಗನ ಮಾರಿ ನೋಡಾಕ ಆಗ್ಲಿಲ್ಲ. ಖರೇ ರೀಡಿಂಗ್ ಅಂದ್ರ ಸ್ವಲ್ಪ ಆಚಿ ಈಚಿ ಇರ್ತೈತ್ರಿ, ಮೂರ ಸಲ ತಗೊಂಡ್ರ ಮೂರ ಒಂದ ಇರೂದ ಕಡಿಮಿ. ಉತ್ತರ ಸ್ವಲ್ಪ ತಪ್ಪ ಬಂದ್ರೂ ಸರ್ಕ್ಯೂಟ್, ಟೇಬಲ್, ಲೆಕ್ಕ, ಯೂನಿಟ್ ಇವಕ್ಕೆಲ್ಲಾ ಮಾರ್ಕ್ಸ್ ಅದಾವ. ಮಗಗ ಹೇಳ್ರಿ, ಪೆನ್ಸಿಲಿಲೆ ಬರದ ಅಳಸೂದ ಬಿಟ್ಟ ಪೆನ್ನಿಲೆ ಬರಿ, ತಪ್ಪಾದ್ರ ಒಂದ ಗೆರಿ ಹೊಡದ ಪಕ್ಕಕ್ಕ ಬರಿ ಅಂತ.

ಪ್ರಶ್ನೆ: ಚಸ್ಮಾ ಹಾಕ್ಕೊಂಡ ಮೈಕ್ರೋಸ್ಕೋಪ್ ನೋಡ್ಬೇಕೋ ತಗದೋ? — ಜಮಖಂಡಿ ವಿದ್ಯಾರ್ಥಿ

ಉತ್ತರ: ಬರೇ ಮೈನಸ್ ಇಲ್ಲಾ ಪ್ಲಸ್ ಪವರ್ ಇದ್ರ ತಗದ ನೋಡು, ಫೋಕಸ್ ತಿರುವಿದ್ರ ಅದ ಸರಿ ಆಗ್ತೈತಿ. ಸಿಲಿಂಡರ್ ಪವರ್ (ಚಸ್ಮಾ ಚೀಟ್ಯಾಗ CYL ಅಂತ ಬರದಿರೂದು) ಜಾಸ್ತಿ ಇದ್ರ ಹಾಕ್ಕೊಂಡ ನೋಡ್ಬೇಕು, ಅದನ್ನ ಫೋಕಸ್ ತಿದ್ದಂಗಿಲ್ಲ. ಮತ್ತ ತಗದ ಚಸ್ಮಾ ಟೇಬಲ್ ಮ್ಯಾಲ ಆಸಿಡ್ ಬಾಟ್ಲಿ ಮಗ್ಗಲಕ ಇಡಬ್ಯಾಡಪಾ, ಕಿಸೆದಾಗ ಇಟ್ಕೊ.