ಗೇರ್‌ಬಾಕ್ಸ್ ಎಲ್ಲಿ ಹೋಯಿತು?

ಆತ್ಮೀಯರೇ,

ನೀವು ಕಳಿಸಿದ ಲೇಖನ ‘ಲೋಹದ ಹೃದಯ’ ಬಂದು ಮುಟ್ಟಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸುವುದಿಲ್ಲ. ಆದರೆ ಲೇಖನದ ಜೊತೆ ಪಿನ್ ಹಾಕಿ ಇಟ್ಟಿದ್ದಿರಲ್ಲ, ಅರ್ಧ ಪುಟದ ಪತ್ರ, ಅದನ್ನು ಒಂದು ಅಕ್ಷರ ತಿದ್ದದೆ ಅಚ್ಚಿಗೆ ಕೊಡಬಹುದಿತ್ತು. ಈ ಉದ್ದನೆಯ ಉತ್ತರ ಬರೆಯುತ್ತಿರುವುದು ಆ ಅರ್ಧ ಪುಟದ ಋಣಕ್ಕೆ.

ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ಸ್ವಲ್ಪ ಪಕ್ಷಪಾತಿ. ಪಿಯುಸಿ ಫೇಲಾದ ವರ್ಷ ಸೋದರಮಾವನ ಗ್ಯಾರೇಜಿನಲ್ಲಿ ಹತ್ತು ತಿಂಗಳು ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆದವನು ನಾನು. ಮಾರುತಿ 800ರ ಎಂಜಿನ್ನನ್ನು ಮನೆ ಅಂಗಳದಲ್ಲಿ, ಹಲಸಿನ ಮರಕ್ಕೆ ಭಾರ ಎತ್ತುವ ಚೈನ್ ಬ್ಲಾಕ್ ಕಟ್ಟಿ, ಎರಡು ಭಾನುವಾರದಲ್ಲಿ ಇಳಿಸಿದ ಕತೆ ಎಂದ ಕೂಡಲೇ ಟೇಬಲ್ಲಿನ ಮೇಲಿದ್ದ ಉಳಿದೆಲ್ಲ ಕಟ್ಟುಗಳನ್ನು ಪಕ್ಕಕ್ಕಿಟ್ಟು ಓದಲು ಕೂತೆ. ಅದಕ್ಕೇ ನಿರಾಸೆಯೂ ಹೆಚ್ಚಾಯಿತು.

ಒಂಬತ್ತು ಪುಟದಲ್ಲಿ ಮೊದಲ ಎರಡೂವರೆ ಪುಟ ಮಾರುತಿಯ ಚರಿತ್ರೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಬೀಗದ ಕೈಯನ್ನು ಹರ್‌ಪಾಲ್ ಸಿಂಗ್ ಎಂಬುವರಿಗೆ ಕೊಟ್ಟದ್ದು, 2014ರ ಜನವರಿಯಲ್ಲಿ ತಯಾರಿಕೆ ನಿಂತದ್ದು, ನಡುವೆ 25 ಲಕ್ಷಕ್ಕೂ ಹೆಚ್ಚು ಗಾಡಿ ಬಂದದ್ದು. ಎಲ್ಲ ಸರಿಯಾಗಿದೆ, ತಪ್ಪಿಲ್ಲ. ಆದರೆ ಇದನ್ನು ಬರೆಯಲು ನೀವೇ ಆಗಬೇಕಿರಲಿಲ್ಲ. ಆ ಎರಡೂವರೆ ಪುಟದಲ್ಲಿ ನಿಮ್ಮ ಕತೆಗೆ ನಿಜವಾಗಿ ಬೇಕಾದ ಸಂಗತಿ ಒಂದೇ, ಅದನ್ನು ನೀವು ಬಿಟ್ಟಿದ್ದೀರಿ. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಹೊಸ ಹೊಗೆ ನಿಯಮ ಬಂದು ಅಲ್ಲಿ 800ರ ಮಾರಾಟ ನಿಂತಿತು. ಶಿವಮೊಗ್ಗ ಜಿಲ್ಲೆಯ ಸಾಗರದಂಥ ಊರುಗಳ ಕಡೆ ಅದಾದ ಮೇಲೂ ಹೊಸದೇ ಸಿಗುತ್ತಿತ್ತು. ನಿಮ್ಮ ಮೆಕ್ಯಾನಿಕ್ ಮೇಸ್ತ್ರಿಯ ಕೈಗೆ ಆ ಗಾಡಿ ಇನ್ನೂ ಯಾಕೆ ಅಷ್ಟು ಪಳಗಿದೆ ಎಂಬುದಕ್ಕೆ ಇದೂ ಒಂದು ಕಾರಣ. ಬೇಕಿದ್ದರೆ ಇದೊಂದನ್ನು ಮಾತಿನ ನಡುವೆ ತನ್ನಿ. ಮಿಕ್ಕಿದ್ದನ್ನು ಹೊಡೆದು ಹಾಕಿ.

ಮೂರನೇ ಪುಟದಲ್ಲಿ ಗಾಡಿ ‘ದಟ್ಟವಾದ ಹೊಗೆ’ ಉಗುಳುತ್ತದೆ. ಯಾವ ಬಣ್ಣದ ಹೊಗೆ? ಇದು ವರ್ಣನೆಯ ಪ್ರಶ್ನೆ ಅಲ್ಲ, ಕತೆಯ ಬುಡದ ಪ್ರಶ್ನೆ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಕಾರ್ಬುರೇಟರ್ ಬಿಚ್ಚಿ ತೊಳೆದು ಸೆಟ್ ಮಾಡಿದರೆ ಮುಗಿಯಿತು. ಬಿಳಿ ಹೊಗೆ ಬಂದು ರೇಡಿಯೇಟರಿನಲ್ಲಿ ನೀರೂ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪದರ) ಮೇಲೆ ಅನುಮಾನ. ಎಂಜಿನ್ ಕೂತಲ್ಲೇ ಹೆಡ್ ಬಿಚ್ಚಬಹುದು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು ನಿಂತರೆ ವಾಲ್ವ್ ಸೀಲು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ನಿನ ರಿಂಗು ಸವೆದಿದೆ, ಗ್ಯಾರೇಜಿನ ಮಾತಲ್ಲಿ ‘ಎಂಜಿನ್ ಕೆಲಸಕ್ಕೆ ಬಂದಿದೆ’. ಮುಂದೆ ನೀವು ಬ್ಲಾಕನ್ನು ಬೋರ್ ಹಾಕಿಸಲು, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ಸಮ ಮಾಡಿಸಲು, ಕೊಟ್ಟಿದ್ದರಿಂದ ಇದೇ ಇರಬೇಕು ಎಂದು ನಾನು ಊಹಿಸಿಕೊಂಡೆ. ಎಲ್ಲ ಓದುಗರೂ ಹೀಗೆ ಊಹಿಸಲಾರರು. ಅವರಿಗೆ ಹೊಗೆ ಕಾಣಿಸಿತು, ಮರುಪುಟದಲ್ಲೇ ನೀವು ಕಾರಿನ ಹೊಟ್ಟೆ ಬಗೆದಿರಿ. ಬಣ್ಣ ಹೇಳಿದ್ದರೆ ಅಂಗಳಕ್ಕೆ ಚೈನ್ ಬ್ಲಾಕ್ ಬರುವುದು ತಾನೇ ತಾನಾಗಿ ನಡೆದಂತಿರುತ್ತಿತ್ತು.

ನಾಲ್ಕನೇ ಪುಟದಲ್ಲಿ ‘ನಾಲ್ಕೂ ಸ್ಪಾರ್ಕ್ ಪ್ಲಗ್‌ಗಳನ್ನು ಒಂದೊಂದಾಗಿ ಬಿಚ್ಚಿದೆ’ ಎಂದಿದೆ. ಅದು ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಪ್ಲಗ್ಗು ಮೂರೇ. ಕೈತಪ್ಪಿನಿಂದ ಆಗಿರಬಹುದು, ದೊಡ್ಡ ಅಪರಾಧವಲ್ಲ. ಆದರೆ ಈ ಸಾಲು ಓದಿದ ಕ್ಷಣದಿಂದ ನಾನು ಓದುಗನಾಗಿ ಉಳಿಯಲಿಲ್ಲ, ಪೊಲೀಸನಾದೆ. ‘ಈತ ನಿಜವಾಗಿ ಮಾಡಿದ್ದಾನಾ, ಯಾರೋ ಮಾಡುವುದನ್ನು ಕುರ್ಚಿ ಹಾಕಿಕೊಂಡು ನೋಡಿದ್ದಾನಾ?’

ಪೊಲೀಸನಿಗೆ ಬೇಗ ಸಾಕ್ಷಿಯೂ ಸಿಕ್ಕಿತು. ಅದೇ ಪುಟದ ಕೆಳಗೆ ನೀವು ಗೇರ್ ಆಯಿಲ್ ಇಳಿಸುತ್ತೀರಿ, ಅದು ಹಳೆ ಪೇಪರಿನ ಮೇಲೆ ಹರಿಯುತ್ತದೆ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಎರಡೂ ಕಡೆಯ ಡ್ರೈವ್ ಶಾಫ್ಟು ಎಳೆದು ತೆಗೆಯುತ್ತೀರಿ. ಅಂದರೆ ಎಂಜಿನ್ನೂ ಗೇರ್‌ಬಾಕ್ಸೂ ಒಟ್ಟಿಗೇ ಬರುತ್ತವೆ ಎಂದಾಯಿತು. ಆರನೇ ಪುಟದಲ್ಲಿ ಹಲಸಿನ ಕೊಂಬೆಯಿಂದ ಬರೀ ಎಂಜಿನ್ ತೂಗುತ್ತಿದೆ, ಅದರ ಬದಿಯಲ್ಲಿ ಕ್ಲಚ್ ಪ್ಲೇಟು ‘ಹುಣ್ಣಿಮೆಯ ಚಂದ್ರನಂತೆ’ ಹೊಳೆಯುತ್ತಿದೆ. (ಅಷ್ಟು ಓಡಿದ ಗಾಡಿಯ ಕ್ಲಚ್ಚು ಹೊಳೆಯುವುದಿಲ್ಲ. ಕಪ್ಪು ಧೂಳು ಮೆತ್ತಿಕೊಂಡು ಸುಟ್ಟ ವಾಸನೆ ಹೊಡೆಯುತ್ತದೆ.) ಹಾಗಾದರೆ ಗೇರ್‌ಬಾಕ್ಸ್ ಎಲ್ಲಿ ಹೋಯಿತು? ಕಾರಿನಲ್ಲೇ ಉಳಿದಿದ್ದರೆ ಅದಕ್ಕೆ ಕೆಳಗಿನಿಂದ ಜಾಕಿ ಕೊಟ್ಟಿದ್ದಿರಾ? ಕಾರಿನಲ್ಲೇ ಬಿಡುವುದಾಗಿದ್ದರೆ ಶಾಫ್ಟು ಎಳೆದು ಆಯಿಲ್ ಚೆಲ್ಲುವ ಅಗತ್ಯವೇ ಇರಲಿಲ್ಲವಲ್ಲ. ಅಥವಾ ಒಟ್ಟಿಗೇ ಎತ್ತಿ, ನೆಲದ ಮೇಲಿಟ್ಟು ಬೇರೆ ಮಾಡಿ, ಎಂಜಿನ್ನನ್ನು ಮತ್ತೆ ತೂಗುಹಾಕಿದಿರಾ? ಎರಡು ಬಗೆಯಲ್ಲೂ ಮಾಡುವವರಿದ್ದಾರೆ. ನೀವು ಯಾವುದನ್ನು ಮಾಡಿದಿರಿ ಎಂಬುದೇ ನನಗೆ ಬೇಕಾದದ್ದು. ಕಾದಂಬರಿಯಲ್ಲಿ ಒಬ್ಬ ಅತ್ತೆ ಎರಡನೇ ಅಧ್ಯಾಯದಲ್ಲಿ ಊಟಕ್ಕೆ ಕೂತು ಆಮೇಲೆ ಏಳಲೇ ಇಲ್ಲ ಎಂದರೆ ಓದುಗರು ಬಿಡುತ್ತಾರೆಯೇ? ಗೇರ್‌ಬಾಕ್ಸಿಗೂ ಅದೇ ನ್ಯಾಯ.

ಇನ್ನು ಐದನೇ ಪುಟ. ಇಡೀ ಲೇಖನದ ಗಂಟು ಇಲ್ಲಿದೆ. ನೀವು ಬರೆದಿರುವುದು ಇಷ್ಟು: ‘ಸ್ವಲ್ಪ ಪ್ರಯಾಸದ ನಂತರ ಎಂಜಿನ್ ತನ್ನ ಗೂಡಿನಿಂದ ಬೇರ್ಪಟ್ಟಿತು.’

ಜೊತೆಗಿಟ್ಟ ಪತ್ರದಲ್ಲಿ ಬರೆದಿರುವುದನ್ನು ನಿಮಗೇ ಓದಿ ಹೇಳುತ್ತೇನೆ: ‘ಸರ್, ಚೈನ್ ಎಳೆದಾಗ ಎಂಜಿನ್ ಬರಲಿಲ್ಲ, ಕಾರೇ ಎದ್ದಿತು. ಮುಂದಿನ ಚಕ್ರ ನೆಲ ಬಿಡೋ ಹಾಗೆ ಆಯ್ತು. ಮೇಸ್ತ್ರಿ ಬೀಡಿ ಬಿಸಾಕಿ ಓಡಿ ಬಂದರು. ಎಂಜಿನ್ ಇಳಿಸೋದು ಬೇಡ, ಗಾಡಿ ಗುಜರಿಗೆ ಹಾಕಿ ಅಂತ ಹದಿನೈದು ದಿನ ನನ್ನ ಹತ್ರ ಮಾತು ಬಿಟ್ಟಿದ್ದ ಅಪ್ಪ ಜಗುಲಿಯಿಂದಲೇ, “ಹಿಂದ್ಗಡೆ ಬೋಲ್ಟ್ ಬಿಚ್ಚಿದ್ಯೇನೋ?” ಅಂದರು. ಬಿಚ್ಚಿರಲಿಲ್ಲ.’

ಇದನ್ನು ಪತ್ರದಲ್ಲಿ ಇಟ್ಟು ಲೇಖನದಲ್ಲಿ ‘ಸ್ವಲ್ಪ ಪ್ರಯಾಸ’ ಎಂದು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು? ತಪ್ಪು ಮಾಡಿದ್ದು ಗೊತ್ತಾಗಬಾರದು ಎಂದೇ? ಪತ್ರ ಬರೆಯುವಾಗ ನಾನೊಬ್ಬ ಮನುಷ್ಯ ಎಂದುಕೊಂಡಿರಿ. ಲೇಖನ ಬರೆಯುವಾಗ ಎದುರಿಗೆ ಸಭೆ ಕೂತಿದೆ ಎಂದುಕೊಂಡು ಶಾಲು ಹೊದ್ದಿರಿ. ಪತ್ರದಲ್ಲಿ ಏಳೆಂಟು ಸಾಲಿಗೆ ಅಪ್ಪ ಎದ್ದು ಬಂದು ನಿಂತಿದ್ದಾರೆ. ಲೇಖನದಲ್ಲಿ ಅವರು ‘ತ್ಯಾಗಮಯಿ ತಂದೆ’. ಆ ಎರಡು ಪದ ಯಾವ ಅಪ್ಪನಿಗೂ ಹೊಂದುತ್ತದೆ, ಅದಕ್ಕೇ ನಿಮ್ಮ ಅಪ್ಪನಿಗೆ ಹೊಂದುವುದಿಲ್ಲ.

ಆ ಗಳಿಗೆಯನ್ನು ಬಿಡಿಸಿ ಬರೆಯಿರಿ. ಎಂಜಿನ್ನಿನ ಭಾರ ಚೈನಿಗೆ ಬರುತ್ತಿದ್ದ ಹಾಗೆ ಮುಂದಿನ ಸ್ಪ್ರಿಂಗು ಸಡಿಲಾಗಿ ಗಾಡಿಯ ಮೂತಿ ಒಂದಿಷ್ಟು ಮೇಲೇಳುವುದು ಸಹಜ. ಬಂತು ಬಂತು ಎಂದು ಖುಷಿಯಾಗುತ್ತದೆ. ಇನ್ನೆರಡು ಎಳೆತಕ್ಕೂ ಮೂತಿ ಏಳುತ್ತಲೇ ಇದ್ದರೆ ಎಲ್ಲೋ ಏನೋ ಹಿಡಿದುಕೊಂಡಿದೆ ಎಂದು ಅರ್ಥ. ಆ ಖುಷಿ ಹೆದರಿಕೆಗೆ ತಿರುಗುವ ಜಾಗ ಎಷ್ಟು ಚಿಕ್ಕದು ನೋಡಿ, ಚೈನಿನ ನಾಲ್ಕೈದು ಕೊಂಡಿಯಷ್ಟು. ಕೊಂಬೆ ಕಿರ್ರೆಂದಿತೇ? ಅಮ್ಮ ಎಲ್ಲಿದ್ದರು? ಮೂರನೇ ಪುಟದಲ್ಲಿ ‘ಈ ವರ್ಷ ಕಾಯಿ ಬಿಡೋ ಕೊಂಬೆನೇ ಬೇಕಿತ್ತಾ ನಿಮಗೆ’ ಎಂದು ಅಂದವರು ಆಮೇಲೆ ಮಾಯವಾಗಿದ್ದಾರೆ. ಮತ್ತೆ ಅಪ್ಪ. ಬಾನೆಟ್ ಎತ್ತಿದಾಗಿನಿಂದ ಪೇಪರ್ ಓದುತ್ತ ಕೂತಿದ್ದವರು ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ಹಿಂಬದಿಯ ಮೌಂಟಿಂಗಿನ ಬೋಲ್ಟ್ ಒಂದು ಉಳಿದಿದೆ ಎಂದು ಕೂತಲ್ಲಿಂದಲೇ ಹೇಳಿದರು ಎಂದರೆ, ಪೇಪರನ್ನು ಎಷ್ಟು ಓದಿದರು, ನಿಮ್ಮ ಕೈಯನ್ನು ಎಷ್ಟು ನೋಡುತ್ತಿದ್ದರು? ನೀವು ಇದನ್ನು ವಿವರಿಸಬೇಡಿ. ಬೋಲ್ಟ್ ಕಣ್ಣಿಗೆ ಕಾಣದ ಜಾಗದಲ್ಲಿದೆ, ತಡಕಾಡಿ ಹುಡುಕಬೇಕು ಎಂಬುದನ್ನಷ್ಟೇ ಸರಿಯಾಗಿ ಬರೆಯಿರಿ. ಉಳಿದದ್ದನ್ನು ಓದುವವರು ನೋಡಿಕೊಳ್ಳುತ್ತಾರೆ.

ಭಾಷೆಯ ವಿಚಾರ ಸ್ವಲ್ಪ ಹೇಳಲೇಬೇಕು. ‘ಎಂಜಿನ್ ತೆಗೆದುಹಾಕುವಿಕೆಯ ಪ್ರಕ್ರಿಯೆ’ ಎಂದು ಹನ್ನೊಂದು ಸಲ ಬಂದಿದೆ, ಎಣಿಸಿದೆ. ಇಳಿಸುವುದು ಎನ್ನಿ. ಚೈನ್ ಕಟ್ಟಿ ಮೇಲಕ್ಕೆ ಎತ್ತಿದರೂ ನಮ್ಮವರು ಹೇಳುವುದು ‘ಎಂಜಿನ್ ಇಳಿಸಿದ್ವಿ’ ಅಂತಲೇ. ಅಟ್ಟದಿಂದ ಹಂಡೆ ಇಳಿಸಿದ ಹಾಗೆ, ಬಸ್ಸಿನ ಮೇಲಿಂದ ಮೂಟೆ ಇಳಿಸಿದ ಹಾಗೆ. ಭಾರವಾದದ್ದನ್ನು ಅದರ ಜಾಗದಿಂದ ಬಿಡಿಸಿ ನೆಲಕ್ಕೆ ಮುಟ್ಟಿಸುವುದು ಎಂಬ ಅರ್ಥ ಆ ಒಂದು ಕ್ರಿಯಾಪದದಲ್ಲೇ ಇದೆ. ‘ಶೀತಕ ದ್ರವ’, ‘ಅನಿಲ ನಿರ್ಗಮನ ನಾಳ’ ಇವೆಲ್ಲ ಯಾರಿಗಾಗಿ? ಕೂಲೆಂಟ್, ಸೈಲೆನ್ಸರ್ ಪೈಪು ಎಂದರೆ ಕನ್ನಡಕ್ಕೆ ಏನೂ ಆಗುವುದಿಲ್ಲ. ಇನ್ನು ಮೇಸ್ತ್ರಿ ಕಾರಿನಡಿ ಮಲಗಿಕೊಂಡು, ‘ದಯವಿಟ್ಟು ಹದಿನಾಲ್ಕನೆಯ ಸಂಖ್ಯೆಯ ಸ್ಪ್ಯಾನರನ್ನು ನೀಡು’ ಎನ್ನುತ್ತಾರಂತೆ. ಆ ಮನುಷ್ಯ ಕೈ ಮಾತ್ರ ಹೊರಗೆ ಚಾಚಿ ‘ಹದ್ನಾಲ್ಕು ಕೊಡು ಮಾರಾಯ’ ಎಂದಿರುತ್ತಾರೆ. ನೀವು ಹನ್ನೆರಡರ ಪಾನ (ಸ್ಪ್ಯಾನರ್) ಕೊಟ್ಟು ಬೈಸಿಕೊಂಡಿರುತ್ತೀರಿ. ಆ ಬೈಗುಳ ಬೇಕು.

ಚೆನ್ನಾಗಿದ್ದದ್ದನ್ನೂ ಹೇಳುತ್ತೇನೆ. ಸೈಲೆನ್ಸರ್ ಪೈಪಿನ ನಟ್ಟು ಮಳೆಗಾಲಗಳ ತುಕ್ಕು ಹಿಡಿದು ಕೂತಿದ್ದು, ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಹೊಡೆದು ಬಿಟ್ಟಿದ್ದು, ಆದರೂ ಒಂದು ಸ್ಟಡ್ ಮುರಿದದ್ದು, ಆ ‘ಟಕ್’ ಶಬ್ದಕ್ಕೆ ಇಬ್ಬರೂ ಒಂದು ನಿಮಿಷ ಮಾತಾಡದೆ ಇದ್ದದ್ದು. ಹಾಗೆಯೇ ‘ಮೂರು ಸಲ ಸೋಪು ಹಾಕಿ ತೊಳೆದರೂ ಸಾರನ್ನ ಕಲಸುವಾಗ ಬೆರಳಲ್ಲಿ ಆಯಿಲ್ ವಾಸನೆ’ ಎಂಬ ಸಾಲು. ಇವು ನೀವು ಕೈಯಾರೆ ಮಾಡಿ ಬರೆದವು, ಪೊಲೀಸನೂ ಇಲ್ಲಿ ಟೋಪಿ ತೆಗೆದ. ‘ಉಕ್ಕಿನ ಕವಿತೆ’, ‘ಯಂತ್ರದ ಆತ್ಮ’ ಇವು ಬೇರೆಯವರ ಅಂಗಡಿಯಿಂದ ತಂದವು. ಹಿಂದಿರುಗಿಸಿಬಿಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಸಲಹೆ ಕೊಡುವುದಿಲ್ಲ, ಹಟ ಮಾಡುತ್ತೇನೆ. ಇಂಥ ಬರಹ ಓದಿ ಯಾರೋ ಒಬ್ಬರು ಮುಂದಿನ ಭಾನುವಾರ ಪಾನ ಹಿಡಿದು ಅಂಗಳಕ್ಕೆ ಇಳಿಯುತ್ತಾರೆ. ನೀವು ಜಾಕಿಯೊಂದರ ಮೇಲೆ ನಿಂತ ಕಾರಿನಡಿ ತೂರಿದಿರಿ ಎಂದು ಬರೆದಿದ್ದೀರಿ. ಮರದ ದಿಮ್ಮಿಯನ್ನೋ ಸ್ಟ್ಯಾಂಡನ್ನೋ ಕೊಟ್ಟಿದ್ದರೆ ಅದನ್ನು ಬರೆಯಿರಿ. ಕೊಡದಿದ್ದರೆ ಮೇಸ್ತ್ರಿ ಉಗಿದದ್ದನ್ನು ಬರೆಯಿರಿ. ಅವರೂ ಉಗಿಯದಿದ್ದರೆ ಇಲ್ಲಿಂದ ನಾನು ಉಗಿಯುತ್ತಿದ್ದೇನೆ ಎಂದುಕೊಳ್ಳಿ. ಪೆಟ್ರೋಲ್ ಪೈಪು ಎಳೆದ ಮೇಲೆ ಬ್ಯಾಟರಿ ಬಿಚ್ಚಿದಿರಿ ಎಂದಿದೆ. ಬ್ಯಾಟರಿಯ ನೆಗೆಟಿವ್ ತಂತಿ ಎಲ್ಲಕ್ಕಿಂತ ಮೊದಲು ಹೋಗಬೇಕು. ಒಂದು ಕಿಡಿ ಸಾಕು, ಲೇಖನ ಬರೆಯಲು ಯಾರೂ ಉಳಿಯುತ್ತಿರಲಿಲ್ಲ. ಎಂಜಿನ್ ಕೊಂಬೆಗೆ ತೂಗುತ್ತಿರುವಾಗ ಅದರಡಿ ಕೈ ಹಾಕಿ ಆಯಿಲ್ ಸಂಪ್ ಒರೆಸಿದ್ದನ್ನು ಅಷ್ಟು ಪ್ರೀತಿಯಿಂದ ಬರೆದಿದ್ದೀರಿ, ನನಗೆ ಓದುವಾಗ ಬೆವರು ಬಂತು. ಹಲಸು ಗಟ್ಟಿ ಮರ ಎಂಬುದು ನಿಜ. ಕೊಂಬೆ ಒಳಗಿನಿಂದ ಹೇಗಿದೆ ಎಂದು ಹೊರಗಿನಿಂದ ಹೇಳಬಲ್ಲವರು ಕಡಿಮೆ. ಕಬ್ಬಿಣದ ಪೈಪಿನ ಮುಕ್ಕಾಲಿ ಬಾಡಿಗೆಗೆ ಸಿಗುತ್ತಿತ್ತೋ ಇಲ್ಲವೋ, ಅದೂ ಒಂದು ಸಾಲಿನ ವಿಷಯ.

ಕೂಲೆಂಟನ್ನು ಹಲಸಿನ ಬುಡಕ್ಕೆ ಸುರಿದದ್ದು ನಿಮಗೆ ‘ಭೂಮಿಗೆ ಅರ್ಪಣೆ’ಯಂತೆ ಕಂಡಿದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಎಥಿಲಿನ್ ಗ್ಲೈಕಾಲ್. ರುಚಿ ಸಿಹಿ. ನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ, ದನಕ್ಕೂ ಒಳ್ಳೆಯದಲ್ಲ. ನಿಮ್ಮ ಮೂರನೇ ಪುಟದಲ್ಲಿ ಒಂದು ಕರಿ ನಾಯಿ ಟಯರಿನ ನೆರಳಿನಲ್ಲಿ ಮಲಗಿದೆ. ಅದು ಆಮೇಲೆ ಎಲ್ಲೂ ಬರುವುದಿಲ್ಲ. ನಾನು ಕೊನೆಯ ಪುಟದವರೆಗೂ ಅದನ್ನೇ ಹುಡುಕಿದೆ.

ಮರಳಿ ಬರೆಯುವುದಾದರೆ ನಾಲ್ಕು ಪುಟ ಸಾಕು. ಎರಡನೇ ಭಾನುವಾರ ಒಂದೇ ಇರಲಿ, ಮೊದಲನೆಯದನ್ನು ಮಾತಿನ ನಡುವೆ ಸೇರಿಸಿ. ಕಳಿಸಿದ ಐದು ಫೋಟೋಗಳಲ್ಲಿ ನೀವು ಎಂಜಿನ್ ಪಕ್ಕ ನಿಂತು ನಗುತ್ತಿರುವ ನಾಲ್ಕನ್ನು ವಾಪಸು ಕಳಿಸುತ್ತಿದ್ದೇನೆ. ಎಂಜಿನ್ ಇಲ್ಲದ ಬಾನೆಟ್ಟಿನ ಖಾಲಿ ಗುಂಡಿಯ ಫೋಟೋ ನನ್ನ ಬಳಿ ಇದೆ. ಅದರ ಮೂಲೆಯಲ್ಲಿ ಕುರ್ಚಿಯ ಕಾಲು, ಒಂದು ಹವಾಯಿ ಚಪ್ಪಲಿ, ಮಡಿಸಿಟ್ಟ ಪೇಪರು ಕಾಣುತ್ತವೆ. ಅವರು ಜಗುಲಿ ಇಳಿದು ಬಂದಿದ್ದರು ಅಂತಾಯಿತು.

ಬೋರ್ ಆಗಿ ಬಂದ ಎಂಜಿನ್ನನ್ನು ಮತ್ತೆ ಕೂರಿಸಿದ ಮೇಲೆ ಗಾಡಿ ಸ್ಟಾರ್ಟ್ ಆಯಿತೋ ಇಲ್ಲವೋ ಲೇಖನದಲ್ಲೂ ಇಲ್ಲ, ಪತ್ರದಲ್ಲೂ ಇಲ್ಲ. ಲೇಖನಕ್ಕೆ ಅದು ಬೇಡವೇ ಇರಬಹುದು. ನನಗೆ ಮಾತ್ರ ಒಂದು ಕಾರ್ಡು ಹಾಕಿ. ನಾಯಿಯ ಸುದ್ದಿಯನ್ನೂ ಬರೆಯಿರಿ.

ಇಂತಿ,
ಸಂಪಾದಕ