ತಂತ್ರಾಂಶ ತಾನಾಗಿ ಹಾಕಿದ ಮೆಶ್ ಅನ್ನು ಎಷ್ಟು ನಂಬಬಹುದು?

ಪ್ರಶ್ನೆ: 200 ಮಿ.ಮೀ. ವ್ಯಾಸದ, 90 ಡಿಗ್ರಿ ಬಾಗಿದ ನಾಳದಲ್ಲಿ ಸೆಕೆಂಡಿಗೆ 20 ಮೀಟರ್ ವೇಗದ ಗಾಳಿಯ ಹರಿವನ್ನು ಕೆ-ಒಮೆಗಾ ಎಸ್‌ಎಸ್‌ಟಿ ಎಂಬ ಪ್ರಕ್ಷುಬ್ಧ ಹರಿವಿನ ಮಾದರಿಯಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಮೆಶ್ ಅನ್ನು, ಅಂದರೆ ಲೆಕ್ಕಕ್ಕಾಗಿ ನಾಳದೊಳಗಿನ ಜಾಗವನ್ನು ಸೆಲ್ ಎಂಬ ಪುಟ್ಟ ತುಂಡುಗಳಾಗಿ ವಿಂಗಡಿಸುವ ಜಾಲವನ್ನು, ತಂತ್ರಾಂಶವೇ ತಯಾರಿಸುತ್ತದೆ: ಒಳಗೆ 4 ಮಿ.ಮೀ. ಸೆಲ್‌ಗಳು, ಗೋಡೆಯ ಬಳಿ 1.2ರ ಅನುಪಾತದಲ್ಲಿ ಬೆಳೆಯುವ ಐದು ಪದರಗಳು, ಕೊನೆಯ ಪದರದ ದಪ್ಪ ಪಕ್ಕದ ಸೆಲ್‌ನ ಶೇ 30. ಮೆಶ್ ಪರೀಕ್ಷೆಯಲ್ಲಿ ದೋಷವಿಲ್ಲ, ರೆಸಿಡ್ಯುಯಲ್‌ಗಳೂ (ಸಮೀಕರಣಗಳಲ್ಲಿ ಉಳಿಯುವ ಶೇಷ) ಚೆನ್ನಾಗಿ ಇಳಿಯುತ್ತವೆ. ಆದರೆ ಸೆಲ್ ಗಾತ್ರವನ್ನು 3, 2 ಮಿ.ಮೀ.ಗೆ ಇಳಿಸಿದಂತೆಲ್ಲ ಒತ್ತಡ ನಷ್ಟದ ಉತ್ತರ ಬದಲಾಗುತ್ತಲೇ ಇರುತ್ತದೆ. ಏಕೆ?

ಉತ್ತರ: ನಿಮ್ಮ ತೊಂದರೆ ಬಹುಮಟ್ಟಿಗೆ ಆ ಶೇ 30ರಲ್ಲಿದೆ.

ರೆಸಿಡ್ಯುಯಲ್ ಇಳಿಯಿತೆಂದರೆ ಕೊಟ್ಟ ಮೆಶ್ ಮೇಲಿನ ಸಮೀಕರಣಗಳು ಬಿಡಿಸಲ್ಪಟ್ಟವು ಎಂದಷ್ಟೇ ಅರ್ಥ. ಆ ಮೆಶ್ ಸಾಕೇ ಎಂಬುದನ್ನು ಅದು ಹೇಳುವುದಿಲ್ಲ. ಮೆಶ್ ಪರೀಕ್ಷೆಯೂ ಅಷ್ಟೇ. ಓಪನ್‌ಫೋಮ್ ಎಂಬ ಹರಿವಿನ ಲೆಕ್ಕದ ತಂತ್ರಾಂಶದಲ್ಲಿರುವ ಮೆಶ್ ಪರೀಕ್ಷಕ ಚೆಕ್‌ಮೆಶ್ 70 ಡಿಗ್ರಿ ಮೀರಿದ ನಾನ್-ಆರ್ಥೊಗೊನಾಲಿಟಿಯನ್ನೂ (ಪಕ್ಕದ ಸೆಲ್ ಕೇಂದ್ರಗಳನ್ನು ಸೇರಿಸುವ ರೇಖೆ ನಡುವಿನ ಮುಖದ ಲಂಬದಿಂದ ವಾಲುವ ಕೋನ) 4 ಮೀರಿದ ಸ್ಕ್ಯೂನೆಸ್ಸನ್ನೂ (ಆ ರೇಖೆ ಮುಖದ ಕೇಂದ್ರದಿಂದ ಸರಿದಿರುವ ಪ್ರಮಾಣ) ಎತ್ತಿ ತೋರಿಸುತ್ತದೆ, ಆದರೆ ಅವೆರಡೂ ಸೆಲ್‌ಗಳ ಆಕಾರದ ಮಾತು, ಹರಿವಿನದಲ್ಲ.

ಈಗ ಗೋಡೆಯ ಲೆಕ್ಕ ನೋಡಿ. ನಿಮ್ಮ ನಾಳದಲ್ಲಿ ಘರ್ಷಣ ವೇಗ (ಗೋಡೆಯ ಘರ್ಷಣೆಯನ್ನು ವೇಗದ ರೂಪದಲ್ಲಿ ಹೇಳುವ ಅಳತೆ) ಸೆಕೆಂಡಿಗೆ ಸುಮಾರು 0.86 ಮೀಟರ್ ಆಗುವುದರಿಂದ, ಗೋಡೆಯಿಂದ 0.017 ಮಿ.ಮೀ. ದೂರದಲ್ಲಿ ವೈ-ಪ್ಲಸ್ (ಗೋಡೆಯಿಂದಿರುವ ದೂರದ ಘಟಕರಹಿತ ಅಳತೆ) ಮೌಲ್ಯ 1 ಆಗುತ್ತದೆ. 4 ಮಿ.ಮೀ. ಸೆಲ್‌ಗೆ ಕೊನೆಯ ಪದರ 1.2 ಮಿ.ಮೀ., ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಮೊದಲ ಪದರ 0.58 ಮಿ.ಮೀ., ಅದರ ಕೇಂದ್ರದಲ್ಲಿ ವೈ-ಪ್ಲಸ್ ಸುಮಾರು 17. ಸೆಲ್ ಅನ್ನು 3 ಮಿ.ಮೀ.ಗೆ ಇಳಿಸಿದರೆ ಅದು 12ರ ಸುಮಾರಿಗೆ, 2 ಮಿ.ಮೀ.ಗೆ ಇಳಿಸಿದರೆ 8ರ ಸುಮಾರಿಗೆ ಬರುತ್ತದೆ. 5ರಿಂದ 30ರವರೆಗಿನ ಈ ಮಧ್ಯಂತರ ವಲಯದಲ್ಲಿ ಗೋಡೆಗೆ ಅಂಟಿದ ಸ್ನಿಗ್ಧ ಪದರದ ನಿಯಮವಾಗಲಿ, ಅದರಾಚೆ ವೇಗ ಹೇಗೆ ಏರುತ್ತದೆಂದು ಹೇಳುವ ಲಾಗರಿದಮ್ ನಿಯಮವಾಗಲಿ ಸರಿಯಾಗಿ ಹೊಂದುವುದಿಲ್ಲ. ನೀವು ಮೆಶ್ ಸೂಕ್ಷ್ಮಗೊಳಿಸುತ್ತಿದ್ದೀರಿ ಎಂದುಕೊಂಡಿದ್ದೀರಿ. ವಾಸ್ತವದಲ್ಲಿ ಪ್ರತಿ ಸಲವೂ ಗೋಡೆಯ ಲೆಕ್ಕಾಚಾರದ ರೀತಿಯೇ ಬದಲಾಗುತ್ತಿದೆ.

ಆದ್ದರಿಂದ ಮೊದಲ ಪದರದ ದಪ್ಪವನ್ನು ಅನುಪಾತದಲ್ಲಿ ಕೊಡದೆ ನೇರವಾಗಿ 0.035 ಮಿ.ಮೀ. ಎಂದು ಕೊಡಿ. ಆದರೆ ಆಗ ಐದು ಪದರ ಸಾಲದು: ಐದನೆಯದು 0.07 ಮಿ.ಮೀ. ಆಸುಪಾಸಿನಲ್ಲೇ ನಿಂತು, ಅದರ ಪಕ್ಕಕ್ಕೆ 4 ಮಿ.ಮೀ. ಸೆಲ್ ಬಂದು ಕೂರುತ್ತದೆ. ಅಂತರವನ್ನು ಹದವಾಗಿ ತುಂಬಲು ಸುಮಾರು 25 ಪದರ ಬೇಕು. ಗೋಡೆಯ ಬಳಿಯ ಹರಿವನ್ನು ಬಿಡಿಸದೆ ಸೂತ್ರದಿಂದ ಅಂದಾಜಿಸುವ ವಾಲ್ ಫಂಕ್ಷನ್ ಬಳಸಿ 2 ಮಿ.ಮೀ. ದಪ್ಪದ ಮೊದಲ ಪದರಕ್ಕೆ ಹೋಗುವುದು ಅಗ್ಗದ ದಾರಿಯಾದರೂ, ಬಾಗಿನ ಒಳಮೈಯಲ್ಲಿ ಹರಿವು ಗೋಡೆಯಿಂದ ಬೇರ್ಪಡುವ ಸಾಧ್ಯತೆ ಇರುವಲ್ಲಿ ನಾನು ಅದನ್ನು ಸಲಹೆ ಮಾಡುವುದಿಲ್ಲ.

ಪದರಗಳನ್ನು ಕೇಳಿದ ಮಾತ್ರಕ್ಕೆ ಅವು ಬಂದಿವೆ ಎಂದುಕೊಳ್ಳಬೇಡಿ. ಓಪನ್‌ಫೋಮ್‌ನಲ್ಲಿ ಮೆಶ್ ತಯಾರಿಸುವ ಸ್ನ್ಯಾಪಿಹೆಕ್ಸ್‌ಮೆಶ್ ಮೊದಲು ಷಟ್ಫಲಕ ಸೆಲ್‌ಗಳನ್ನು ಕತ್ತರಿಸಿ, ಅವನ್ನು ಮೇಲ್ಮೈಗೆ ಹೊಂದಿಸಿ, ಕೊನೆಗೆ ಮೆಶ್ ಅನ್ನು ಒಳಕ್ಕೆ ತಳ್ಳಿ ಪದರ ಸೇರಿಸುತ್ತದೆ. ಹಾಗೆ ತಳ್ಳಿದಾಗ ಗುಣಮಟ್ಟ ಕೆಡುವ ಜಾಗದಲ್ಲಿ ಪದರವನ್ನೇ ಕೈಬಿಡುತ್ತದೆ. ಎಷ್ಟು ಸೇರಿತೆಂಬ ಶೇಕಡಾವಾರು ಲಾಗ್‌ನಲ್ಲಿರುತ್ತದೆ. ಬಾಗಿನ ಬಳಿ ಅಡ್ಡಕೊಯ್ತ ತೆಗೆದು ಕಣ್ಣಾರೆ ನೋಡುವುದು ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ತಾನಾಗಿ ಮೆಶ್ ಹಾಕುವ ತಂತ್ರಾಂಶ ಸಾಮಾನ್ಯವಾಗಿ ಮೇಲ್ಮೈಯ ವಕ್ರತೆ ಮತ್ತು ಕಿರಿದಾದ ಸಂದುಗಳನ್ನು ನೋಡಿ ಸೆಲ್‌ಗಳನ್ನು ಚಿಕ್ಕದಾಗಿಸುತ್ತದೆ. ಬಾಗು ಮುಗಿದ ಮೇಲಿನ ನೇರ ನಾಳ ಅದರ ಲೆಕ್ಕದಲ್ಲಿ ಬಾಗಿಗೆ ಮುಂಚಿನ ನಾಳದಂತೆಯೇ ಇದೆ. ಹರಿವಿಗೆ ಮಾತ್ರ ಹಾಗಲ್ಲ: ಬಾಗಿನಲ್ಲಿ ಹುಟ್ಟಿದ ಜೋಡಿ ಸುಳಿಗಳು ಕೆಳಹರಿವಿನಲ್ಲಿ ಹಲವು ವ್ಯಾಸಗಳಷ್ಟು ದೂರ ಉಳಿಯುತ್ತವೆ. ಅಲ್ಲಿ ಸೂಕ್ಷ್ಮ ಮೆಶ್‌ನ ವಲಯವೊಂದನ್ನು ನೀವೇ ಗುರುತಿಸಿ ಕೊಡಬೇಕು.

ಇಷ್ಟಾದ ಮೇಲೆ, ಮೊದಲ ಪದರವನ್ನು ಹಾಗೆಯೇ ಇಟ್ಟುಕೊಂಡು, ಸೆಲ್ ಗಾತ್ರಗಳ ನಡುವೆ ಕನಿಷ್ಠ 1.3ರ ಅನುಪಾತವಿರುವ ಮೂರು ಮೆಶ್‌ಗಳಲ್ಲಿ ಲೆಕ್ಕ ಮಾಡಿ. ಪ್ಯಾಟ್ರಿಕ್ ರೋಚ್ 1994ರಲ್ಲಿ ಮುಂದಿಟ್ಟ ಗ್ರಿಡ್ ಕನ್ವರ್ಜೆನ್ಸ್ ಇಂಡೆಕ್ಸ್ ಆಗ ದೋಷದ ಸ್ಥೂಲ ಅಂದಾಜು ಕೊಡುತ್ತದೆ. ಮೂರು ಉತ್ತರಗಳು ಒಂದೇ ದಿಕ್ಕಿನಲ್ಲಿ ಸಾಗದೆ ಹಿಂದೆ ಮುಂದೆ ಆದರೆ ಆ ಸೂಚ್ಯಂಕವನ್ನು ಬದಿಗಿಟ್ಟು, ಪ್ರತಿ ಮೆಶ್‌ನಲ್ಲಿ ಹರಿವು ಒಳಗೋಡೆಯನ್ನು ಎಲ್ಲಿ ಬಿಡುತ್ತಿದೆ ಎಂಬುದನ್ನು ಮೊದಲು ಹೋಲಿಸಿ ನೋಡಿ.